ಗೂನಜ್ಜಿಯ ಬಾಗಿಲು

ಜನವರಿ ೯

ಮಗಳೇ,

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಏರಿಸುತ್ತೇನೆ, ಕೊನೆಗೆ ಇಬ್ಬರೂ ಮಳೆಬಿಸಿಲಿನ ಮಾತಾಡಿ ಫೋನ್ ಇಡುತ್ತೇವೆ. ಕಾಗದದಲ್ಲಾದರೆ ಹೇಳಬೇಕಾದ್ದನ್ನು ಪೂರ್ತಿ ಹೇಳಬಹುದು.

ಪತ್ರಿಕೆಯ ಸಂಪಾದಕ ವರ್ಷಕ್ಕೊಮ್ಮೆ ಕಳಿಸುವ ಕಟ್ಟು ಬಂತು. ಬೈಬಲ್ ಕಾಲದ ಚರಿತ್ರೆ ಮತ್ತು ಉತ್ಖನನದ ಬಗ್ಗೆ ಹೊಸದಾಗಿ ಬಂದ ಆರು ಪುಸ್ತಕಗಳು. ಎಲ್ಲಕ್ಕೂ ಸೇರಿಸಿ ಒಂದು ವಿಮರ್ಶೆ ಬರೆಯಬೇಕು. ಒಬ್ಬನಿಗೆ ಮುಟ್ಟಿದ ಕಲ್ಲಿನಲ್ಲೆಲ್ಲ ರಾಜನ ಹೆಸರು ಕಾಣುತ್ತದೆ. ಇನ್ನೊಬ್ಬನ ಪ್ರಕಾರ ರಾಜನೂ ಇರಲಿಲ್ಲ, ರಾಜ್ಯವೂ ಇರಲಿಲ್ಲ, ನಾಲ್ಕು ಕುರಿಹಟ್ಟಿಗಳಿದ್ದವು, ಅಷ್ಟೇ. ಇವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಬೇಕು. ಹೊತ್ತುಹೊತ್ತಿಗೆ ಊಟ ಕೊಡುವ ಜವಾಬ್ದಾರಿ ನಾನು ತೆಗೆದುಕೊಳ್ಳುತ್ತೇನೆ. ಮೂರನೆಯದು ಸುಟ್ಟ ಕಾಳುಗಳಿಂದ ಕಾಲದ ಲೆಕ್ಕ ಹಾಕುವ ಪುಸ್ತಕ. ನಾನೂರು ಪುಟ ಓದಿದ ಮೇಲೆ ಗೊತ್ತಾಗುವುದು ಇಷ್ಟೇ: ಐವತ್ತು ವರ್ಷ ಹಿಂದೆಯೂ ಇರಬಹುದು, ಐವತ್ತು ವರ್ಷ ಮುಂದೆಯೂ ಇರಬಹುದು. ನಮ್ಮೆಲ್ಲರ ಜಗಳ ಆ ನೂರು ವರ್ಷದ ಒಳಗೇ ಇದೆ ಅನ್ನುವುದು ಆ ಪುಣ್ಯಾತ್ಮನಿಗೆ ಹೊಳೆದ ಹಾಗಿಲ್ಲ. ನಾಲ್ಕನೆಯದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದೆ. ಐದನೆಯದರಲ್ಲಿ ಚಿತ್ರಗಳು ಚೆನ್ನಾಗಿವೆ.

ಆರನೆಯದು ನಿನ್ನದು. ಸಂಪಾದಕ ಅದಕ್ಕೊಂದು ಚೀಟಿ ಅಂಟಿಸಿದ್ದ: "ಸಂಕೋಚವಾದರೆ ಇದೊಂದನ್ನು ಬಿಡಬಹುದು." ಆ ಚೀಟಿ ನೋಡಿದ್ದಕ್ಕೇ ಮೊದಲು ಅದನ್ನೇ ಓದಿದೆ.

ಚೆನ್ನಾಗಿ ಬರೆದಿದ್ದೀಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವ ಮನಸ್ಸು ಇರುವುದಿಲ್ಲ.

ಐದನೆಯ ಅಧ್ಯಾಯಕ್ಕೆ ಬರೋಣ. ನಾನೂ ನಿನ್ನಮ್ಮನೂ ಬೇಸಿಗೆ ಮೇಲೆ ಬೇಸಿಗೆ ಅಗೆದ ಗುಡ್ಡ ಅದು. ಬೆನ್ನು ಬಾಗಿದ ಹಾಗೆ ಕಾಣುತ್ತದೆಂದು ಆಳುಗಳು ಅದನ್ನು ಗೂನಜ್ಜಿ ಅನ್ನುತ್ತಿದ್ದರು. ಆ ಗುಡ್ಡದ ಪೂರ್ವಕ್ಕೆ ಸಿಕ್ಕ ಕಲ್ಲಿನ ಊರಬಾಗಿಲು, ಎರಡೂ ಕಡೆ ಮೂರು ಮೂರು ಕೋಣೆ ಇದ್ದದ್ದು, ಬೈಬಲ್ ಹೇಳುವ ಜ್ಞಾನಿ ರಾಜನ ಕಾಲದ್ದು ಎಂದು ನಾನು ಬರೆದೆ. ಅದಕ್ಕೆ ಕಾಲ ಕೊಟ್ಟವಳು ನಿನ್ನಮ್ಮ. ಬಾಗಿಲಿನ ಸುಣ್ಣದ ಗಾರೆಯ ನೆಲವನ್ನು ಎಬ್ಬಿಸಿದಾಗ ಕೆಳಗೆ ಸಿಕ್ಕ ಬೋಕಿಗಳನ್ನು, ಆ ಒಡೆದ ಮಡಕೆಯ ಚೂರುಗಳನ್ನು, ಒಂದೊಂದಾಗಿ ಓದಿ ಕೊಟ್ಟದ್ದು. ನನ್ನ ಪುಸ್ತಕದ ಆ ಅಧ್ಯಾಯಕ್ಕೆ ಅವಳದೇ ಹೆಸರಿದೆ. ಕೃತಜ್ಞತೆಯ ಪುಟದಲ್ಲಿ ಅಲ್ಲ, ಅಧ್ಯಾಯದ ತಲೆಯ ಮೇಲೆ.

ನೀನು ಆ ಬಾಗಿಲು ರಾಜನ ಮರಿಮಗನ ಕಾಲದ್ದು ಅನ್ನುತ್ತೀಯ. ಅನ್ನು. ಬೇಕಾದಷ್ಟು ಜನ ಅಂದಿದ್ದಾರೆ. ಆದರೆ ಅದಕ್ಕೆ ಅಡಿಟಿಪ್ಪಣಿಯಲ್ಲಿ ನೀನು ಕೊಟ್ಟ ಆಧಾರ ಇದು: "ಬಾಗಿಲಿನ ಬೋಕಿಗಳ ಕಾಲವನ್ನು ಮೊದಲು ನಿರ್ಧರಿಸಿದ ನನ್ನ ತಾಯಿ, ಕೊನೆಯ ದಿನಗಳಲ್ಲಿ ತಮ್ಮ ಅಭಿಪ್ರಾಯ ಬದಲಿಸಿದ್ದರು. ಮೌಖಿಕ ಮಾಹಿತಿ."

ಮೌಖಿಕ. ಯಾವ ಮುಖದಿಂದ? ಆ ಮುಖವನ್ನು ನಾನು ಮೂವತ್ತೈದು ವರ್ಷ ಊಟದ ಮೇಜಿನ ಎದುರಿಗೆ ನೋಡಿದ್ದೇನೆ. ಅದು ನನಗೆ ಅಂಥ ಮಾತು ಹೇಳಿಲ್ಲ. ಸತ್ತವರು ತಿದ್ದಲಾರರು ಎಂದು ಅವರ ಬಾಯಿಗೆ ಮಾತು ಹಾಕುವುದನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ತರಗತಿಯಿಂದ ಆಚೆ ಕಳಿಸುತ್ತಿದ್ದೆ.

ಜೂನಿನಲ್ಲಿ ಎರಡನೆಯ ಮುದ್ರಣವಂತೆ. ಆ ಟಿಪ್ಪಣಿ ತೆಗೆ. ತೆಗೆಯದಿದ್ದರೆ, ಅದು ನಿಜವಲ್ಲ ಎಂದು ವಿಮರ್ಶೆಯಲ್ಲಿ ನಾನೇ ಬರೆಯಬೇಕಾಗುತ್ತದೆ.

ನಿನ್ನ ಅಪ್ಪ


ಜನವರಿ ೨೨

ಅಪ್ಪ,

ಟಿಪ್ಪಣಿ ಇರುತ್ತದೆ.

ನಾನು ಅಮ್ಮನ ಬಾಯಿಗೆ ಮಾತು ಹಾಕುವವಳೋ ಅಲ್ಲವೋ ಎಂದು ನಿಮಗೆ ವಿವರಿಸುವುದಿಲ್ಲ. ವಿವರಿಸಬೇಕಾಗಿ ಬಂತಲ್ಲ ಅನ್ನುವುದೇ ಸಾಕಷ್ಟಾಯಿತು.

ಒಂದು ಮಾತು. ಬೋಕಿಗಳ ಆಧಾರ ಬಿಟ್ಟು ಬಾಯಿಮಾತಿನ ಆಧಾರ ಏಕೆ ಕೊಟ್ಟೆ ಎಂದು ನೀವು ಕೇಳಲಿಲ್ಲ. ಆ ಬೋಕಿಗಳು ಪುರಾತತ್ವ ಇಲಾಖೆಯ ಉಗ್ರಾಣದಲ್ಲಿ ಪೆಟ್ಟಿಗೆಯೊಳಗೆ ಇವೆ. ಅಗೆದವರ ಅಂತಿಮ ವರದಿ ಬರುವ ತನಕ ಅವರ ಸಹಿ ಇಲ್ಲದೆ ಯಾರೂ ಪೆಟ್ಟಿಗೆ ತೆರೆಯುವಂತಿಲ್ಲ. ಅಗೆದವರು ನೀವು. ಅಂತಿಮ ವರದಿ ನಾನು ಶಾಲೆಯಲ್ಲಿದ್ದಾಗಿನಿಂದ "ಬರ್ತಾ ಇದೆ." ನಾನು ಎರಡು ಸಲ ಅನುಮತಿ ಕೇಳಿದೆ. ಎರಡು ಸಲವೂ ನೀವು "ವರದಿ ಆಗಲಿ" ಎಂದಿರಿ. ತಾನೂ ತಿನ್ನ, ಪರರಿಗೂ ಕೊಡ ಅನ್ನುವ ಗಾದೆಯನ್ನು ನನಗೆ ಹೇಳಿಕೊಟ್ಟವರೂ ನೀವೇ.

ವಿಮರ್ಶೆಯಲ್ಲಿ ಏನು ಬೇಕಾದರೂ ಬರೆಯಿರಿ. ಮಗಳು ತಾಯಿಯ ಮಾತನ್ನು ಕಟ್ಟಿ ಬರೆದಳು ಎಂದು ಅಪ್ಪನೇ ಅಚ್ಚು ಹಾಕಿಸಿದರೆ ಈ ವೃತ್ತಿಯಲ್ಲಿ ನನಗೆ ಉಳಿಗಾಲವಿಲ್ಲ. ಗೊತ್ತಿರಲಿ ಎಂದು ಹೇಳಿದೆ, ಅಷ್ಟೇ. ನಿಮ್ಮ ಕೈ ಹಿಡಿಯುವುದಕ್ಕಲ್ಲ.

ಮಗಳು


ಫೆಬ್ರವರಿ ೩

ಮಗಳೇ,

ನಿನ್ನ ಕಾಗದವನ್ನು ಮೇಜಿನ ಮೇಲೆ ಇಟ್ಟಿದ್ದೆ. ಮನೆ ಗುಡಿಸುವ ಹೆಂಗಸು, ನಿನಗೆ ಗೊತ್ತಲ್ಲ, ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವವಳು, ನನ್ನ ಮುಖ ನೋಡಿ, "ಯಾರಾದ್ರೂ ಹೋಗ್ಬಿಟ್ರಾ?" ಎಂದಳು. "ಇಲ್ಲ, ಮಗಳು ಕಾಗದ ಬರೆದಿದ್ದಾಳೆ" ಎಂದೆ. "ಹಂಗಾದ್ರೆ ಸರಿ" ಎಂದು ಬಕೆಟ್ ಎತ್ತಿಕೊಂಡು ಹೋದಳು.

ಪೆಟ್ಟಿಗೆಯ ವಿಷಯ ಎತ್ತಿ ಮಾತು ತಪ್ಪಿಸಬೇಡ. ನಾನು ಅಗೆದದ್ದನ್ನು ನಾನು ಮೊದಲು ಪ್ರಕಟಿಸಬೇಕು ಅನ್ನುವುದು ನನ್ನ ಹಟವಲ್ಲ, ಈ ಕಸುಬಿನ ಕಟ್ಟಳೆ. ಅಗೆಯುವುದೆಂದರೆ ಪುಸ್ತಕದ ಒಂದೊಂದೇ ಹಾಳೆ ಓದಿ ಹರಿದು ಎಸೆದ ಹಾಗೆ. ಓದಿದವನು ಏನು ಬರೆದಿಟ್ಟನೋ ಅಷ್ಟೇ ಉಳಿಯುವುದು. ಪೆಟ್ಟಿಗೆಗೆ ಕಂಡವರೆಲ್ಲ ಕೈ ಹಾಕಿದರೆ ಇಂದು ಒಬ್ಬ ಒಂದು ಚೂರು ಆಚೆ ಇಡುತ್ತಾನೆ, ನಾಳೆ ಇನ್ನೊಬ್ಬ ಇನ್ನೊಂದನ್ನು ಈಚೆ ಇಡುತ್ತಾನೆ, ನಾಡಿದ್ದು ಯಾವುದು ಎಲ್ಲಿಯದು ಅನ್ನುವುದೇ ತಿಳಿಯುವುದಿಲ್ಲ. ಅಂತಿಮ ವರದಿಯ ಕೆಲಸ ನಡೆಯುತ್ತಿದೆ. ನಿಧಾನವಾಗಿ ನಡೆಯುತ್ತಿದೆ. ನಿನಗೆ ಅವಸರವಿದ್ದರೆ ಬೇರೆ ಗುಡ್ಡ ಹುಡುಕಿಕೊಳ್ಳಬೇಕಿತ್ತು.

ನನ್ನ ಸಿಟ್ಟು ಎಲ್ಲಿದೆ ಎಂದು ನಿನಗೆ ಇನ್ನೂ ಗೊತ್ತಾಗಿಲ್ಲ. ಬಾಗಿಲು ಮರಿಮಗನದ್ದೆಂದು ನೀನು ಅಂದದ್ದಕ್ಕಲ್ಲ. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ, ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಆದರೆ "ಮೌಖಿಕ ಮಾಹಿತಿ"ಗೆ ಯಾರು ಉತ್ತರ ಕೊಡಬೇಕು? ಅವಳನ್ನು ನೀನು ಸಾಕ್ಷಿಕಟ್ಟೆಗೆ ತಂದು ನಿಲ್ಲಿಸಿದ್ದೀಯ, ಪಾಟೀಸವಾಲು ಹಾಕಲು ಬಾರದಂಥ ಜಾಗದಿಂದ.

ವಿಮರ್ಶೆಯ ಆ ಭಾಗ ಬರೆದಾಗಿದೆ. ನಾಲ್ಕೇ ಸಾಲು. ನಿನಗೆ ಗೊತ್ತಿಲ್ಲದೆ ಅಚ್ಚಿಗೆ ಹೋಗಬಾರದು ಎಂದು ಇಲ್ಲಿ ಎತ್ತಿ ಬರೆಯುತ್ತೇನೆ: "ಈ ಅಧ್ಯಾಯದ ಮುಖ್ಯ ಆಧಾರ ಒಂದು ಖಾಸಗಿ ಮಾತು. ಆ ಮಾತು ಆಡಿದರು ಎನ್ನಲಾದವರ ಪತಿ, ಸಹೋದ್ಯೋಗಿ, ಈ ವಿಮರ್ಶಕ. ಅಂಥ ಅಭಿಪ್ರಾಯ ಬದಲಾವಣೆ ಅವನ ಅರಿವಿಗೆ ಬಂದಿಲ್ಲ. ಓದುಗರು ತಕ್ಕಷ್ಟು ಬೆಲೆ ಕೊಟ್ಟುಕೊಳ್ಳಲಿ."

ಇದರಲ್ಲಿ ಒಂದು ಅಕ್ಷರ ಸುಳ್ಳಿದ್ದರೆ ಹೇಳು.

ನಿನ್ನ ಅಪ್ಪ


ಫೆಬ್ರವರಿ ೧೬

ಅಪ್ಪ,

ಇದೆ. "ಅವನ ಅರಿವಿಗೆ ಬಂದಿಲ್ಲ" ಅನ್ನುವುದು.

ಇದನ್ನು ಬರೆಯಬಾರದೆಂದಿದ್ದೆ. ನೀವೇ ಬರೆಸುತ್ತಿದ್ದೀರಿ.

ಅಮ್ಮನಿಗೆ ಮೊದಲ ಸಲ ಆಪರೇಷನ್ ಆದಾಗ ನಾನು ಬಂದಿದ್ದೆ. ನೀವು ಮಧ್ಯಾಹ್ನ ಮನೆಗೆ ಹೋಗಿ ಸಂಜೆ ಬರುತ್ತಿದ್ದಿರಿ. ಆ ಹೊತ್ತಿನಲ್ಲಿ ಅವಳು ದಿಂಬಿನ ಕೆಳಗಿಂದ ಬೋಕಿಯ ಚಿತ್ರಗಳನ್ನು ತೆಗೆಯುತ್ತಿದ್ದಳು. ಅಗೆದ ಕಾಲದಲ್ಲಿ ಅವಳೇ ಬರೆದ ಚಿತ್ರಗಳು, ಗಾರೆಯ ನೆಲದ ಕೆಳಗೆ ಸಿಕ್ಕವು. ನರ್ಸ್, "ಇದೇನಮ್ಮಾ, ಮಡಕೆ ಅಂಗಡಿ ಇಡ್ತೀರಾ?" ಎಂದು ಕೇಳಿದರೆ, "ಇಟ್ಟಿದ್ವಿ. ಗಿರಾಕಿ ಎಲ್ಲ ಸತ್ತುಹೋದ್ರು" ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ನಾಲ್ಕು ಚಿತ್ರ ನನ್ನ ಮುಂದೆ ಇಟ್ಟಳು. ನಾಲ್ಕೂ ಅಡುಗೆ ಮಡಕೆಯ ಬಾಯಂಚು. "ಇವು ನನಗೆ ಸರಿ ಕಾಣ್ತಾ ಇಲ್ಲ ಕಣೆ. ಆಗ ಒರಟು ಕೆಲಸ ಅಂತ ಬಿಟ್ಟುಬಿಟ್ಟೆ. ಈಗ ಬೇರೆ ಗುಡ್ಡಗಳಲ್ಲಿ ಇಂಥವು ಸಿಕ್ಕಿವೆ. ಇವು ಮರಿಮಗನ ಕಾಲದ ಮಡಕೆ. ನೆಲದ ಕೆಳಗೆ ಇವು ಸಿಕ್ಕಿದ್ರೆ ನೆಲ ಇವುಗಳಿಗಿಂತ ಹಳೇದು ಹೇಗಾಗುತ್ತೆ? ಬಾಗಿಲು ರಾಜಂದಲ್ಲ" ಎಂದಳು. "ಅಪ್ಪನಿಗೆ ಹೇಳಿದ್ಯಾ?" ಎಂದೆ. "ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ" ಎಂದಳು.

ನಾನು ಊರಿಗೆ ಮರಳಿದ ಮೇಲೆ ಫೋನಿನಲ್ಲಿ ಕೇಳಿದೆ. "ಹೇಳ್ದೆ" ಎಂದಳು. "ಏನಂದ್ರು?" "ಏನೂ ಅನ್ನಲಿಲ್ಲ. ನಿಮ್ಮಪ್ಪ ಗೊತ್ತಲ್ಲ." ಇದಿಷ್ಟು. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಅವಳು ಹೋದಳು.

ಅವಳು ಹೋದ ಮೇಲೂ ನೀವು ಸಭಾಂಗಣಗಳಲ್ಲಿ ನಿಂತು ಅದೇ ಬಾಗಿಲಿನ ಉಪನ್ಯಾಸ ಕೊಟ್ಟಿರಿ. ಪರದೆಯ ಮೇಲೆ ಅವಳ ಚಿತ್ರಗಳು. "ನನ್ನ ಪತ್ನಿಯ ನಿರ್ಣಯ ಇಂದಿಗೂ ಅಲುಗಾಡಿಲ್ಲ" ಎಂದಿರಿ. ಕೊನೆಯ ಸಾಲಿನಲ್ಲಿ ನಾನು ಕೂತಿದ್ದೆ. ಎದ್ದು ಹೊರಗೆ ಹೋದೆ. ತಲೆನೋವು ಎಂದು ಆಮೇಲೆ ನಿಮಗೆ ಹೇಳಿದೆ. ನೀವು ಗೊತ್ತಿದ್ದೂ ಹೇಳುತ್ತಿದ್ದೀರಿ ಎಂದು ಇಷ್ಟು ವರ್ಷ ನಂಬಿಕೊಂಡೇ ನಿಮ್ಮ ಮನೆಗೆ ಬಂದು ಹೋಗಿ ಮಾಡಿದ್ದೇನೆ, ನೀವು ಮಾಡಿದ ಸಾರು ಉಂಡಿದ್ದೇನೆ. ಈಗ ನೀವು ನನ್ನನ್ನು ಸುಳ್ಳಿ ಅನ್ನುತ್ತಿದ್ದೀರಿ.

ನಾಲ್ಕು ಸಾಲು ಅಚ್ಚು ಹಾಕಿಸಿ ಅಪ್ಪ. ಐದನೆಯ ಸಾಲು ನಾನು ಬರೆಯುತ್ತೇನೆ.

ಮಗಳು


ಫೆಬ್ರವರಿ ೨೭

ಮಗಳೇ,

ಅವಳು ಹೇಳಲಿಲ್ಲ.

ನಾಲ್ಕು ದಿಕ್ಕಿನಿಂದಲೂ ನೆನಪು ಮಾಡಿಕೊಂಡಿದ್ದೇನೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನಗೆ ಹೇಳಿದ್ದೆಲ್ಲ ನನ್ನ ತಲೆಯಲ್ಲಿದೆ, ಏಕೆಂದರೆ ಅವಳು ಹೆಚ್ಚು ಹೇಳುತ್ತಿರಲಿಲ್ಲ. ನಲ್ಲಿ ಸೋರುತ್ತಿದೆ ಎಂದಳು. ಉಪ್ಪನ್ನು ಕೈಯಳತೆಯಲ್ಲಿ ಹಾಕಬೇಡಿ, ಚಮಚ ತಗೊಳ್ಳಿ ಎಂದಳು. ಎದುರು ಮನೆಯ ರೇಡಿಯೋ ಸಣ್ಣ ಮಾಡಿಸಿ ಎಂದಳು, ಮಾಡಿಸಿದೆ, ಎರಡು ದಿನ ಬಿಟ್ಟು, ಅದಿಲ್ಲದೆ ಬೇಜಾರು, ದೊಡ್ಡದು ಮಾಡಲಿಕ್ಕೆ ಹೇಳಿ ಎಂದಳು. ಹೋಗಿ ಹೇಳಿದೆ. ಆ ಮನುಷ್ಯ ನನ್ನನ್ನು ಹೇಗೆ ನೋಡಿದ ಅನ್ನುವುದೂ ನೆನಪಿದೆ.

ಗುಡ್ಡದ ವಿಷಯ ಒಂದೇ ಸಲ ಬಂದದ್ದು. ನಾನು ಕಿಟಕಿಯ ಹತ್ತಿರ ಅವಳ ಕನ್ನಡಕ ಒರೆಸುತ್ತಿದ್ದೆ. "ರೀ, ಗೂನಜ್ಜಿಯ ಪೆಟ್ಟಿಗೆಗಳು ಇನ್ನೂ ಅಲ್ಲೇ ಇವೆಯಾ?" ಎಂದು ಕೇಳಿದಳು. "ಇವೆ. ಎಲ್ಲಿಗೆ ಹೋಗ್ತವೆ?" ಎಂದೆ. ಕನ್ನಡಕ ಕೊಟ್ಟೆ. ಹಾಕಿಕೊಂಡಳು. ಅಷ್ಟೇ.

ನೋಡು, ಇದನ್ನು ಸಹ ಮುಚ್ಚಿಡದೆ ಬರೆದಿದ್ದೇನೆ. ಇದರಲ್ಲಿ ಬಾಯಂಚೂ ಇಲ್ಲ, ಮರಿಮಗನೂ ಇಲ್ಲ.

ಹಾಗಾದರೆ ನಿನಗೆ ಫೋನಿನಲ್ಲಿ "ಹೇಳ್ದೆ" ಎಂದದ್ದು ಏಕೆ? ಅವಳು ಸುಳ್ಳು ಹೇಳುವವಳಲ್ಲ. ನೀನೂ ಸುಳ್ಳು ಹೇಳುವವಳಲ್ಲ ಎಂದು, ನಿನ್ನ ಹೋದ ಕಾಗದ ಓದಿದ ಮೇಲೆ, ಒಪ್ಪಿಕೊಳ್ಳಬೇಕಾಗಿದೆ. ನಾನು ಕಿವುಡನಲ್ಲ. ಮೂರೂ ನಿಜವಾಗಿರಲು ಸಾಧ್ಯವಿಲ್ಲ. ಇದು ನನಗೆ ಸಹಿಸಲಾಗುತ್ತಿಲ್ಲ. ನನ್ನ ಪುಸ್ತಕವನ್ನು ಜನ ಹರಿದು ಹಾಕಿದ್ದಾರೆ, ಒಬ್ಬ ಅದನ್ನು "ಭಕ್ತರ ಕೈಪಿಡಿ" ಎಂದು ಕರೆದ, ಆಗ ಹೀಗೆ ಆಗಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಮೇಜಿನ ಮೇಲೆ ಬೋಕಿ ಹರಡಿಕೊಂಡು ಕೂತವರು ನಾವು. ಅವಳು "ಅಲ್ಲ" ಎಂದರೆ ನಾನು ಒಂದು ವಾರ ಊಟ ಬಿಟ್ಟು ಜಗಳಾಡಿ ಎಂಟನೆಯ ದಿನ ಒಪ್ಪಿಕೊಳ್ಳುತ್ತಿದ್ದೆ. ಇದು ಅವಳಿಗೆ ಗೊತ್ತಿತ್ತು. ಆದರೂ ನಿನಗೆ ಹೇಳಿದಳು, ನನಗಲ್ಲ.

ಸಂಪಾದಕನಿಗೆ ಐದು ಪುಸ್ತಕಗಳ ವಿಮರ್ಶೆ ಕಳಿಸಿದ್ದೇನೆ. ನಾಲ್ಕು ಸಾಲು ನನ್ನ ಹತ್ತಿರವೇ ಇವೆ. ತೆಗೆದೆ ಎಂದು ತಿಳಿಯಬೇಡ.

ಅಪ್ಪ


ಮಾರ್ಚ್ ೮

ಅಪ್ಪ,

ಅಮ್ಮ ಪೆಟ್ಟಿಗೆಗಳ ಬಗ್ಗೆ ಕೇಳಿದ್ದು ನಾನು ಫೋನ್ ಮಾಡುವುದಕ್ಕೆ ಮೊದಲೋ ಆಮೇಲೋ?

ಮಗಳು


ಮಾರ್ಚ್ ೧೯

ಉಗ್ರಾಣಾಧಿಕಾರಿಗಳಿಗೆ,

ಗೂನಜ್ಜಿ ಎಂದು ಕರೆಯುವ ಗುಡ್ಡದ ಉತ್ಖನನದ ಪರವಾನಗಿ ನನ್ನ ಹೆಸರಿನಲ್ಲಿದೆ. ಅಲ್ಲಿನ ಪೂರ್ವದ ಬಾಗಿಲಿನ ನೆಲದಡಿಯ ಬೋಕಿಗಳಿರುವ ಎಲ್ಲ ಪೆಟ್ಟಿಗೆಗಳನ್ನು ತೆರೆದು, ನೋಡಿ, ಅಳೆದು, ಚಿತ್ರ ಬರೆದು, ಪ್ರಕಟಿಸಲು ಈ ಪತ್ರ ತರುವವಳಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಅಂತಿಮ ವರದಿಗೆ ಕಾಯುವ ಅಗತ್ಯವಿಲ್ಲ. ಪೆಟ್ಟಿಗೆ ತೆರೆಯುವಾಗ ಪರವಾನಗಿದಾರ ಹಾಜರಿರಬೇಕೆಂಬ ನಿಯಮದಂತೆ ನಾನು ಬರಬೇಕು. ಬರುವುದಿಲ್ಲ. ನನ್ನ ಬದಲಿಗೆ ಆಕೆಯೇ ಹಾಜರಿ.

(ಮಗಳೇ, ಇದು ನಕಲು, ಸಹಿ ಹಾಕಿದ ಮೂಲಪ್ರತಿ ಜೊತೆಗಿದೆ. ನಿನ್ನ ಪ್ರಶ್ನೆಗೆ ಉತ್ತರ: ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಅದು ಆಧಾರವಾಗುವುದಿಲ್ಲ. ಬೋಕಿ ನೋಡು.)


ಏಪ್ರಿಲ್ ೩೦

ಅಪ್ಪ,

ನೋಡಿದೆ. ಎರಡು ವಾರ ರಜೆ ಹಾಕಿ ಅಲ್ಲೇ ಇದ್ದೆ.

ನಿಮ್ಮ ಪೆಟ್ಟಿಗೆಗಳನ್ನು ಗೋಡೆಯ ಪಕ್ಕ ಮೂರರ ಮೇಲೆ ಮೂರರಂತೆ ಪೇರಿಸಿದ್ದರು. ಉಗ್ರಾಣದ ಆಳು ಕಾಗದ ಓದಿ ತಲೆ ಕೆರೆದುಕೊಂಡ. "ಇಷ್ಟು ವರ್ಷ ಇದರ ಮೇಲೆ ಕೂತ್ಕೊಂಡೇ ಊಟ ಮಾಡಿದ್ದೀನಿ. ಒಳಗಡೆ ಬರೀ ಒಡೆದ ಮಡಕೆನಾ? ಬೀಗ ನೋಡಿ ಚಿನ್ನ ಅಂದ್ಕೊಂಡಿದ್ದೆ" ಎಂದ. ಆಮೇಲೆ ಊಟಕ್ಕೆ ಎಲ್ಲಿ ಕೂರುವುದೆಂದು ನನ್ನನ್ನೇ ಕೇಳಿದ. ನನ್ನ ಕುರ್ಚಿ ಕೊಟ್ಟೆ.

ಸುತ್ತು ಬಳಸದೆ ಹೇಳುತ್ತೇನೆ. ಅಮ್ಮನ ಮೊದಲ ನಿರ್ಣಯವೇ ಸರಿ. ಬಾಗಿಲು ನೀವು ಹೇಳಿದ ಕಾಲದ್ದೇ.

ಆ ನಾಲ್ಕು ಬಾಯಂಚುಗಳು ಪೆಟ್ಟಿಗೆಯಲ್ಲಿವೆ. ಅವು ಮರಿಮಗನ ಕಾಲದವು ಅನ್ನುವುದೂ ನಿಜ, ಅದರಲ್ಲಿ ಅಮ್ಮನ ಕಣ್ಣು ತಪ್ಪಲಿಲ್ಲ. ಆದರೆ ನೆಲದ ಕೆಳಗಿನವಲ್ಲ. ನಿಮ್ಮ ಗುಡ್ಡದಲ್ಲಿ ಒಂದು ಪದ್ಧತಿ ಇತ್ತಲ್ಲ, ಪ್ರತಿ ಬುಟ್ಟಿಯಲ್ಲೂ ಒಂದು ಹಿಡಿ ಬೋಕಿಯನ್ನು ತೊಳೆಯದೆ, ಮಣ್ಣಿನ ಸಮೇತ ಎತ್ತಿಡುವುದು. ನೆಲದಡಿಯ ಬುಟ್ಟಿಯ ಬಟ್ಟೆಗಂಟು ಹಾಗೇ ಇದೆ. ಬಿಚ್ಚಿದರೆ ಎರಡು ಬಗೆಯ ಮಣ್ಣು. ಹಳೆಯ ಬಗೆಯ ಬೋಕಿಗಳಿಗೆಲ್ಲ ಗಾರೆಯ ಸುಣ್ಣ ಕಚ್ಚಿಕೊಂಡಿದೆ, ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ಮಿಕ್ಕವಕ್ಕೆ ಸುಣ್ಣದ ಸುಳಿವಿಲ್ಲ, ಮೇಲಿನ ಪದರದ ಕಪ್ಪು ಬೂದಿಮಣ್ಣು. ಅವುಗಳಲ್ಲಿ ಒಂದು ಚೂರನ್ನು ಅಮ್ಮನ ನಾಲ್ಕು ಬಾಯಂಚುಗಳಲ್ಲಿ ಒಂದರ ಪಕ್ಕಕ್ಕೆ ಹಿಡಿದೆ. ಮುರಿದ ಅಂಚಿಗೆ ಮುರಿದ ಅಂಚು ಕೂತಿತು. ಒಂದೇ ಮಡಕೆ.

ನೆಲ ಎಬ್ಬಿಸಿ ಅಗೆಯುತ್ತಿದ್ದಾಗ ಮಳೆ ಬಂದು, ಗುಂಡಿಗಳ ನಡುವೆ ಅಗೆಯದೆ ಬಿಟ್ಟಿದ್ದ ಮಣ್ಣಿನ ಬದು ಕುಸಿದಿತ್ತು ಎಂದು ನೀವೇ ಬರೆದಿದ್ದೀರಿ. ಕುಸಿದ ಮಣ್ಣಿನ ಬೋಕಿಯನ್ನು ಬಿಸಾಡಬೇಕು. ಯಾರೋ ಬಿಸಾಡದೆ ನೆಲದಡಿಯ ಬುಟ್ಟಿಗೆ ಸೇರಿಸಿದ್ದಾರೆ. ತೊಳೆದ ಮೇಲೆ ಸುಣ್ಣವೂ ಹೋಯಿತು, ಬೂದಿಯೂ ಹೋಯಿತು, ಎಲ್ಲ ಒಂದೇ ಆಯಿತು. ಆಸ್ಪತ್ರೆಯಲ್ಲಿ ಅಮ್ಮನ ಕೈಯಲ್ಲಿದ್ದದ್ದು ಚಿತ್ರಗಳು. ಚಿತ್ರಕ್ಕೆ ಮಣ್ಣು ಮೆತ್ತಿಕೊಳ್ಳುವುದಿಲ್ಲ.

ಪೆಟ್ಟಿಗೆ ತೆರೆದಿದ್ದರೆ ಅವಳಿಗೆ ಒಂದು ಮಧ್ಯಾಹ್ನ ಸಾಕಿತ್ತು. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ, ಬರೆದರೆ ಈ ಕಾಗದ ಅಂಚೆಗೆ ಬೀಳುವುದಿಲ್ಲ. ನನ್ನ ಮೇಲೂ ನನಗೆ ಸಿಟ್ಟಿದೆ. ಆದರೆ ಅದು ನಿಮ್ಮ ಮೇಲಿನ ಸಿಟ್ಟಿನ ಮುಂದೆ ಏನೂ ಅಲ್ಲ.

ಎರಡನೆಯ ಮುದ್ರಣಕ್ಕೆ ಐದನೆಯ ಅಧ್ಯಾಯ ತಿದ್ದುತ್ತಿದ್ದೇನೆ. ಟಿಪ್ಪಣಿ ತೆಗೆಯುತ್ತೇನೆ, ನೀವು ಜನವರಿಯಲ್ಲಿ ಕೇಳಿದ ಹಾಗೆ. ಬೋಕಿಗಳ ಚಿತ್ರ ಹಾಕಿ, ಬಾಗಿಲು ರಾಜನ ಕಾಲದ್ದೆಂದು ಬರೆಯುತ್ತೇನೆ. ನೀವು ಗೆದ್ದಿರಿ.

ಮಗಳು


ಮೇ ೧೧

ಮಗಳೇ,

ಗೆದ್ದಿರಿ ಎಂದು ಬರೆದಿದ್ದೀಯ. ಯಾರ ಮೇಲೆ?

ನಿನ್ನ ಕಾಗದ ಬಂದ ದಿನ ಸಂಪಾದಕನೂ ಫೋನ್ ಮಾಡಿದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು, ಉಗ್ರಾಣಗಳಿಗೆ ಬೀಗವಿದ್ದರೂ ಬಾಯಿಗಿಲ್ಲ. "ಅಭಿನಂದನೆ ಸಾರ್. ಕೊನೆಗೂ ನಿಮ್ಮ ಬಾಗಿಲು ನಿಂತಿತು" ಎಂದ. "ಅದು ಬಿದ್ದಿದ್ದೇ ಯಾವಾಗ?" ಎಂದೆ. ನಕ್ಕ. ನನಗೆ ಆ ನಗು ಹಿಡಿಸಲಿಲ್ಲ. ಫೋನ್ ಇಟ್ಟೆ.

ಟಿಪ್ಪಣಿ ತೆಗೆಯಬೇಡ. ತೆಗೆ ಎಂದವನು ನಾನೇ, ಈಗ ಬೇಡ ಎನ್ನುವವನೂ ನಾನೇ. ಅವಳು ಹಾಗೆ ಹೇಳಿದ್ದಳು, ಅದು ನಿಜ, ಹಾಗಾಗಿ ಅದು ಇರಬೇಕು. ನಾನು ನಂಬಲಿಲ್ಲ ಎಂಬ ಕಾರಣಕ್ಕೆ ಅಳಿಸಬೇಕಾದದ್ದಲ್ಲ, ಅವಳು ತಪ್ಪಿದಳು ಎಂಬ ಕಾರಣಕ್ಕೂ ಅಲ್ಲ. ನನ್ನ ನಾಲ್ಕು ಸಾಲನ್ನು ಹರಿದು ಹಾಕಿದ್ದೇನೆ. ನಿನ್ನ ಐದನೆಯದನ್ನು ನೀನು ಬರೆಯಬೇಕೆಂದಿದ್ದರೆ ಬರೆ, ತಡೆಯುವುದಿಲ್ಲ.

ಆದರೆ ಅವಳು ತಪ್ಪಿದಳು ಅನ್ನುವುದಕ್ಕೆ ನಾನು ಒಪ್ಪಿಲ್ಲ.

ನನಗೆ ಮೈ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ಅವಳಿಗೆ ತಪ್ಪಬೇಕಿದ್ದರೆ ನನ್ನ ಎದುರಿಗೆ ತಪ್ಪಬೇಕಿತ್ತು. "ರೀ, ನಿಮ್ಮ ಬಾಗಿಲು ಹೋಯ್ತು" ಎಂದು ಒಂದು ಮಾತು. ನಾನು ಎಗರಾಡುತ್ತಿದ್ದೆ. ನಿನ್ನ ತಲೆ, ನಿನ್ನ ಮಡಕೆ ಅನ್ನುತ್ತಿದ್ದೆ. ಅವಳು ಸುಮ್ಮನೆ ಕೂತು, ನಾನು ಸುಸ್ತಾದ ಮೇಲೆ, "ಹಾಗಾದ್ರೆ ಪೆಟ್ಟಿಗೆ ತೆಗೆಸಿ" ಅನ್ನುತ್ತಿದ್ದಳು. ತೆಗೆಸುತ್ತಿದ್ದೆ. ಮಣ್ಣು ನೋಡಿ ನಾನು ಗೆದ್ದೆ ಅನ್ನುವಷ್ಟರಲ್ಲಿ, ಬುಟ್ಟಿಯಲ್ಲಿ ಕುಸಿದ ಮಣ್ಣು ಸೇರಿಸಿದ್ದು ನಿಮ್ಮ ಮೇಲ್ವಿಚಾರಣೆಯಲ್ಲೇ ಅಲ್ವಾ ಎಂದು ಅವಳು ನನ್ನನ್ನು ಮತ್ತೆ ಕೆಳಗೆ ಕೆಡವುತ್ತಿದ್ದಳು. ಅವಳು ಅದೊಂದು ಅನುಮಾನವನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ನನ್ನ ಬಾಗಿಲು ನನಗಿರಲಿ ಎಂದು, ಒಬ್ಬಳೇ ಹೊತ್ತುಕೊಂಡು ಹೋದಳು. ಯಾರು ಕೇಳಿದ್ದರು ಆ ದಯೆಯನ್ನು? ನಾನು ಕೇಳಿರಲಿಲ್ಲ. ಮೂವತ್ತೈದು ವರ್ಷ ಜೊತೆಗಿದ್ದವನನ್ನು ಒಂದು ಕೆಟ್ಟ ಸುದ್ದಿ ತಡೆಯಲಾರದವನು ಎಂದು ಎಣಿಸುವುದು ಅವಮಾನ. ಅವಳಿಗೆ ಈಗ ಇದನ್ನು ಹೇಳುವುದಕ್ಕಾಗುವುದಿಲ್ಲ. ಹಾಗಾಗಿ ನಿನಗೆ ಹೇಳುತ್ತಿದ್ದೇನೆ, ನೀನು ಅವಳ ಹಾಗೇ ಮುಖ ಗಂಟು ಹಾಕಿಕೊಂಡು ಓದುತ್ತೀಯ ಎಂದು ಗೊತ್ತು.

ಪೆಟ್ಟಿಗೆಯ ಬಗ್ಗೆ ಅವಳು ಕೇಳಿದ್ದಳಲ್ಲ. ಅದರ ಬಗ್ಗೆ ನೀನು ಹೋದ ಕಾಗದದಲ್ಲಿ ಏನೂ ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ಏನೆಂದು ನನಗೆ ಅರ್ಥವಾಗಿದೆ: ಅವಳ "ಹೇಳ್ದೆ" ಅನ್ನುವುದು ಆ ಪ್ರಶ್ನೆಯೇ ಇದ್ದಿರಬಹುದು.

ಈಗ ಕೆಲಸದ ಮಾತು. ನಿನ್ನ ವಾದದಲ್ಲಿ ಒಂದು ತೂತಿದೆ. ಬೂದಿಮಣ್ಣಿನ ಚೂರು ನಾಲ್ಕು ಬಾಯಂಚುಗಳಲ್ಲಿ ಒಂದಕ್ಕೆ ಕೂತಿತು. ಸರಿ. ಮಿಕ್ಕ ಮೂರರ ಕಥೆ ಏನು? ಅವೂ ಕುಸಿದ ಮಣ್ಣಿನವೇ ಎಂದು ನೀನು ಹೇಗೆ ಹೇಳುತ್ತೀಯ? ಒಂದು ಕೂತಿತೆಂದು ನಾಲ್ಕನ್ನೂ ಆಚೆ ಹಾಕುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಆ ಮೂರರಲ್ಲಿ ಒಂದಾದರೂ ನೆಲದ ಕೆಳಗಿನದಾಗಿದ್ದರೆ ಅವಳು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು, ನಿನ್ನ ಮೊದಲ ಮುದ್ರಣವೇ ಸರಿ. ತೊಳೆದ ಬೋಕಿಯಾದರೂ ಒಡೆದ ಅಂಚಿನ ಸಣ್ಣ ಗುಳಿಗಳಲ್ಲಿ ಸುಣ್ಣ ಉಳಿದಿರುತ್ತದೆ. ಭೂತಗನ್ನಡಿಯಲ್ಲಿ ಕಾಣುತ್ತದೆ. ನೀನು ನೋಡಿದ್ದೀಯಾ? ನೋಡಿದ್ದರೆ ಬರೆಯುತ್ತಿದ್ದೆ.

ಸೋಮವಾರದ ಬಸ್ಸಿಗೆ ಹೊರಡುತ್ತೇನೆ. ಬರುವುದಿಲ್ಲ ಎಂದಿದ್ದೆ, ಬರುತ್ತೇನೆ. ಮುದ್ರಕನಿಗೆ ಅಧ್ಯಾಯ ಕಳಿಸಬೇಡ. ಉಗ್ರಾಣದವನು ಆ ಮೇಜಿನ ಮೇಲೆ ಊಟದ ಡಬ್ಬಿ ಇಡದ ಹಾಗೆ ನೋಡಿಕೋ.

ನನ್ನ ಪುಸ್ತಕದ ಪರವಾಗಿ ನೀನು ಮಾತಾಡು. ನೀನು ಈಗ ಅದನ್ನು ನಂಬಿದವಳು, ಚೆನ್ನಾಗಿ ಮಾತಾಡುತ್ತೀಯ. ನಾನು ಆ ಕಡೆ ಕೂರುತ್ತೇನೆ, ಅವಳ ಪರ. ಹುಷಾರಾಗಿರು. ಅವಳು ಸುಲಭಕ್ಕೆ ಬಿಟ್ಟುಕೊಡುವವಳಲ್ಲ.

ನಿನ್ನ ಅಪ್ಪ